ನೀರು ಹಾಕುವವರ ಕಣಕಾಲು

ನಮ್ಮ ಹೊಂಗನೂರಿನ ಕಡೆ ಹೆರಿಗೆಯಾಗಿ ಕೂಸು ಮನೆಗೆ ಬಂತೆಂದರೆ ಮೊದಲು ಕೇಳುವ ಪ್ರಶ್ನೆ ಹೆಸರಿನದ್ದಲ್ಲ, ತೊಟ್ಟಿಲಿನದ್ದೂ ಅಲ್ಲ. ನೀರು ಯಾರು ಹಾಕುತ್ತಾರೆ ಎನ್ನುವುದು. ಹಸುಗೂಸಿಗೆ ಸ್ನಾನ ಮಾಡಿಸುವುದಕ್ಕೆ ನಮ್ಮಲ್ಲಿ ನೀರು ಹಾಕುವುದು ಎನ್ನುತ್ತಾರೆ. ಹೆತ್ತವಳಿಗೆ ಆ ಕೆಲಸ ಕೊಡುವುದಿಲ್ಲ. ಅದಕ್ಕೆ ಕೈ ಪಳಗಿದ ಹಿರಿಯ ಹೆಂಗಸೇ ಬೇಕು.

ನಮ್ಮ ಬೀದಿಯಲ್ಲಿ ಬಹಳ ವರ್ಷ ಆ ಹೆಂಗಸು ನಮ್ಮ ಅತ್ತೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಸೀರೆಯನ್ನು ಮಂಡಿಯ ಮೇಲಕ್ಕೆ ಸಿಕ್ಕಿಸಿ, ಎರಡೂ ಕಾಲನ್ನು ನೀಳವಾಗಿ ಚಾಚಿ ಜೋಡಿಸುತ್ತಿದ್ದರು. ಹಾಗೆ ಜೋಡಿಸಿದಾಗ ಕಣಕಾಲುಗಳ ನಡುವೆ ಒಂದು ಉದ್ದನೆಯ ತಗ್ಗು ಆಗುತ್ತದಲ್ಲ, ಕೂಸಿಗೆ ಅದೇ ಹಾಸಿಗೆ. ಹರಳೆಣ್ಣೆ ತಿಕ್ಕಿ, ಕೈಕಾಲು ನೀವಿ, ಬಲಗೈಯಲ್ಲಿ ಚೊಂಬು ಹಿಡಿದು ಬಿಸಿನೀರು ಹುಯ್ಯುತ್ತ, ಎಡಗೈಯನ್ನು ಕೂಸಿನ ಮೂಗು ಬಾಯಿಗೆ ಮರೆ ಮಾಡುತ್ತಿದ್ದರು. ನಾದಿನಿಯರ ಮಕ್ಕಳು, ನನ್ನ ಮಗಳು, ಎದುರು ಮನೆಯ ಅಣ್ಣತಮ್ಮಂದಿರು, ಹಾಲಿನ ಡೈರಿಯಲ್ಲಿ ಈಗ ಮೀಸೆ ತಿರುವಿಕೊಂಡು ಹಾಲು ಅಳೆಯುವವನು, ಎಲ್ಲರೂ ಆ ಎರಡು ಕಾಲಿನ ಮೇಲೆ ಬೋರಲು ಬಿದ್ದು ನೀರು ಹಾಕಿಸಿಕೊಂಡವರೇ. ಊರಲ್ಲಿ ಯಾರಾದರೂ ಜಂಬ ಮಾಡಿದರೆ ಅತ್ತೆ, "ಅವನ ಅಂಡು ತೊಳ್ದಿರೋಳು ನಾನು, ನನ್ ಮುಂದೆ ಏನ್ ಆರಾಡಾನು" ಎಂದು ಒಂದೇ ಮಾತಿನಲ್ಲಿ ಅವನನ್ನು ಮುಗಿಸಿಬಿಡುತ್ತಿದ್ದರು.

ನಾನು ಚನ್ನಪಟ್ಟಣದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು. ದಿನಾ ಊರಿಂದ ಬಸ್ಸಿನಲ್ಲಿ ಓಡಾಟ. ಪ್ರತಿ ವರ್ಷ ಮೂಳೆಯ ಪಾಠ ಬಂದಾಗ ಕೋಳಿ ಕಾಲಿನ ಮೂಳೆ ತಂದು ಒಂದನ್ನು ವಿನೆಗರಿನಲ್ಲಿ ನೆನೆಹಾಕುತ್ತೇನೆ. ಕೆಲವು ದಿನದಲ್ಲಿ ಅದರ ಸುಣ್ಣವೆಲ್ಲ ಕರಗಿ ನಾರು ಮಾತ್ರ ಉಳಿದು, ಮೂಳೆ ರಬ್ಬರಿನ ಹಾಗೆ ಬಗ್ಗುತ್ತದೆ. ಇನ್ನೊಂದನ್ನು ಕೆಂಡದಲ್ಲಿ ಸುಡುತ್ತೇನೆ. ಅದರ ನಾರು ಉರಿದುಹೋಗಿ ಸುಣ್ಣ ಮಾತ್ರ ಉಳಿದು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಮೂಳೆ ಎಂದರೆ ಈ ಎರಡರ ಸಂಸಾರ, ಜೊತೆಗೆ ಒಂದಿಷ್ಟು ನೀರು. ಬಿಗಿ ಸುಣ್ಣದ್ದು, ಬಳುಕು ನಾರಿನದ್ದು. ಎಳೆತನದಲ್ಲಿ ನಾರು ನೀರು ಹೆಚ್ಚು, ಬಲಿತ ಹಾಗೆಲ್ಲ ಸುಣ್ಣ ಹೆಚ್ಚು. ಇಷ್ಟನ್ನು ಮಕ್ಕಳ ತಲೆಗೆ ತುಂಬುವುದಕ್ಕೆ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಮೂಳೆಯ ಬಾಟಲಿ ಇಡುತ್ತಿದ್ದೆ. ಅತ್ತೆ ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ ಸೊಸೆ ಮೂಳೆ ಉಪ್ಪಿನಕಾಯಿ ಆಕವ್ಳೆ, ಒಂದ್ ಓಳು ಬೇಕಾ" ಎಂದು ಕೇಳುವರು. ಪಾಠ ಮಾಡುವವರಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಅಷ್ಟೇ.

ಕುದೂರಿಗೆ ಕೊಟ್ಟಿರುವ ನನ್ನ ಮಗಳು ಬಸುರಿಯಾದಳು. ಸುದ್ದಿ ಬಂದ ಸಂಜೆಯೇ ಅತ್ತೆ ಪೆಟ್ಟಿಗೆಯಿಂದ ಹಳೆಯ ಹತ್ತಿ ಸೀರೆಗಳನ್ನು ತೆಗೆದು ನೆನೆಹಾಕಿದರು, ಕೂಸಿಗೆ ಹಾಸಲು ಹೊದಿಸಲು ಮೆತ್ತಗಿರಲಿ ಎಂದು. ಆಮೇಲೆ ಜಗಲಿಯ ಮೇಲೆ ಕೂತು ನಮ್ಮೆಲ್ಲರಿಗೂ ಕೇಳುವ ಹಾಗೆ ಹೇಳಿದರು. "ಮರಿಮಗೀಗೆ ನೀರಾಕದು ನಾನೇಯ. ಅದೊಂದ್ ಆಗೋಗ್ಲಿ, ಆಮ್ಯಾಕೆ ಕರ್ಕೊಂಡೋದ್ರೂ ನಂಗೇನ್ ಬ್ಯಾಸ್ರಿಲ್ಲ." ಕರೆದುಕೊಂಡು ಹೋಗುವವನು ಯಾರೆಂದು ನಾವು ಕೇಳಲಿಲ್ಲ. ಅತ್ತೆಗೆ ಆಸೆಗಳು ಕಡಿಮೆ. ಒಡವೆ ಕೇಳಿದವರಲ್ಲ, ಯಾತ್ರೆಗೆ ಹೋಗಬೇಕೆಂದವರಲ್ಲ. ಅವರು ಬಾಯಿಬಿಟ್ಟು ಬೇಕೆಂದದ್ದನ್ನು ನಾನು ಕೇಳಿದ್ದು ಅದೊಂದೇ.

ಆ ದಿನಗಳಲ್ಲೇ ಡೈರಿಯ ಮುಂದೆ ಶಾಮಿಯಾನ ಹಾಕಿ ಮೂಳೆ ಪರೀಕ್ಷೆಯ ಕ್ಯಾಂಪ್ ಮಾಡಿದರು. ಬಾತ್‌ರೂಮಿನ ತಕ್ಕಡಿಯಷ್ಟಿರುವ ಒಂದು ಮಿಷನ್ನು. ಅದರೊಳಗೆ ಪಾದ ಇಟ್ಟರೆ ಹಿಮ್ಮಡಿಯ ಮೂಳೆ ಎಷ್ಟು ಗಟ್ಟಿ ಎಂದು ಬಣ್ಣ ತೋರಿಸುತ್ತದೆ. ಹಸಿರು ಬಂದರೆ ಚೆನ್ನ, ಹಳದಿಯಾದರೆ ಹುಷಾರು, ಕೆಂಪಾದರೆ ಆಸ್ಪತ್ರೆ. ಹಾಲು ಹಾಕಲು ಬಂದ ಹೆಂಗಸರೆಲ್ಲ ಸಾಲಾಗಿ ಕೂತೆವು. ನನಗೆ ಹಳದಿ ಬಂತು. ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಅತ್ತೆಗೆ ಅಚ್ಚ ಹಸಿರು. ಮಿಷನ್ನಿನ ಹುಡುಗಿ ಎರಡನೇ ಸಲ ನೋಡಿ, "ತುಂಬಾ ಚೆನ್ನಾಗಿದೆ ಅಜ್ಜಿ, ಆದ್ರೆ ಇದು ಹಿಮ್ಮಡಿಯದ್ದು ಮಾತ್ರ" ಎಂದಳು. ಆ ಕೊನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆ ಆಗಲೇ ಎದ್ದು ನಿಂತು ಸೆರಗು ಕೊಡವಿಕೊಳ್ಳುತ್ತಿದ್ದರು. ಅವತ್ತಿಂದ ಊರಲ್ಲಿ ಯಾರು ಸೊಂಟ ನೋವು ಎಂದರೂ, "ನಂದು ಹಸ್ರು ಕಣವ್ವ, ನಮ್ ಮೇಡಮ್ಮೋರ್ದು ಹಳ್ದಿ" ಎಂದು ಶುರು ಮಾಡುವರು. ನನಗೆ ಸಿಟ್ಟು ಬರುತ್ತಿತ್ತು. ಆದರೂ ಒಳಗೊಳಗೇ ಹೆಮ್ಮೆ. ರೇಷ್ಮೆ ಹುಳುವಿಗೆ ಸೊಪ್ಪು ಹೊತ್ತು, ಹಸುವಿಗೆ ಹುಲ್ಲು ಹೊತ್ತು, ಬರಿಗಾಲಲ್ಲಿ ನಡೆದು ಸಂಪಾದಿಸಿದ ಹಸಿರು ಅದು. ಕುರ್ಚಿಯಲ್ಲಿ ಕೂತು ಸಂಬಳ ತೆಗೆದುಕೊಂಡವಳಿಗೆ ಹಳದಿ ಬಂದಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಮಗಳಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಮಳೆ ಹಿಡಿಯಿತು. ನಮ್ಮ ಹುಳುಗಳು ಆಗ ತಾನೇ ನಾಲ್ಕನೇ ಜ್ವರ ಎದ್ದಿದ್ದವು. ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಅವುಗಳ ಹಸಿವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ನನ್ನ ಗಂಡ ತೋಟದಿಂದ ಕೊಯ್ದು ತಂದ ಒದ್ದೆ ಸೊಪ್ಪಿನ ಹೊರೆ ಹುಳು ಮನೆಯ ಬಾಗಿಲಲ್ಲಿ ಬಿದ್ದಿತ್ತು. ಅತ್ತೆ ಬಗ್ಗಿ ಅದನ್ನು ಎತ್ತಿದರು. ಬೆನ್ನಲ್ಲಿ ಲಟಕ್ ಎಂದ ಹಾಗಾಯಿತಂತೆ. ಹೊರೆಯನ್ನು ಮೆಲ್ಲಗೆ ಇಳಿಸಿ, ಬಾಗಿಲ ಚೌಕಟ್ಟು ಹಿಡಿದು ನಿಂತು, ಒಳಗಿದ್ದ ಮಗನಿಗೆ, "ಲೇ, ಒಸಿ ಸೊಪ್ಪು ನೀನೇ ಆಕ್ಲಾ" ಎಂದರು. ಅತ್ತೆ ಇನ್ನೊಬ್ಬರಿಗೆ ಕೆಲಸ ಒಪ್ಪಿಸಿದ್ದು ಕೇಳಿಯೇ ನನ್ನ ಗಂಡನಿಗೆ ಗಾಬರಿಯಾಯಿತು.

ಉಳುಕು ಎಂದರು. ಎಣ್ಣೆ ಹಚ್ಚಿಸಿಕೊಂಡರು, ಉಪ್ಪಿನ ಶಾಖ ಕೊಡಿಸಿಕೊಂಡರು. ಕೂತರೆ ಏಳಲಾಗದು, ಮಲಗಿದರೆ ಹೊರಳಲಾಗದು, ಕೆಮ್ಮು ಬಂದರೆ ಮುಖ ಹಿಂಡಿಕೊಳ್ಳುವರು. ಆಸ್ಪತ್ರೆಗೆ ಮಾತ್ರ ಬರುವುದಿಲ್ಲ. "ಮೂಳೆ ಇರಬೋದು ಅತ್ತೆ, ಒಂದು ಎಕ್ಸ್‌ರೇ ತೆಗಿಸೋಣ" ಎಂದರೆ ಸಿದ್ಧ ಉತ್ತರ ಇತ್ತು.

"ಮೂಳೆ ಹಸ್ರು ಬಂದೈತೆ. ಮೂಳೆ ಎಂಗಮ್ಮಿ ಮುರೀತದೆ? ನಿಂದು ಹಳ್ದಿ, ನೀನೋಗಿ ತೆಗಿಸ್ಕೊ."

"ಅದು ಹಿಮ್ಮಡಿ ಅತ್ತೆ. ಹಿಮ್ಮಡಿ ಗಟ್ಟಿ ಇದ್ರೆ ಬೆನ್ನು ಗಟ್ಟಿ ಇರ್ಬೇಕು ಅಂತಿಲ್ಲ."

"ಅದೂ ನನ್ ಮೈಯ್ಯೇ, ಇದೂ ನನ್ ಮೈಯ್ಯೇ. ಒಂದೇ ಗದ್ದೇಲಿ ಎರಡ್ ಥರ ರಾಗಿ ಬೆಳ್ದಂಗೆ ಮಾತಾಡ್ತೀಯಲ್ಲ."

ಬೀದಿಯವರೆಲ್ಲ ಅತ್ತೆಯ ಕಡೆಗೇ. ಕ್ಯಾಂಪಿನಲ್ಲಿ ಎಲ್ಲರೂ ಕಣ್ಣಾರೆ ನೋಡಿದ್ದ ಹಸಿರು ಅದು. ಅದರ ಮುಂದೆ ನನ್ನ ಎಂ.ಎಸ್ಸಿ. ಮೂರು ಕಾಸಿಗೂ ಬಾಳಲಿಲ್ಲ. ನಾನು ರೇಗಿ ಎರಡು ದಿನ ಮಾತು ಬಿಟ್ಟೆ. ಅತ್ತೆಗೆ ಅದರಿಂದ ಅನುಕೂಲವೇ ಆಯಿತು.

ನಮ್ಮ ಬೀದಿಯಲ್ಲಿ ಇನ್ನೊಂದು ಪದ್ಧತಿ ಇದೆ. ಯಾರಿಗೆ ಎಲ್ಲಿ ನೋವೋ ಕುರಿಯ ಆ ಭಾಗದ ಸಾರು ಮಾಡಿ ಕಳಿಸುತ್ತಾರೆ. ಕಾಲು ಮುರಿದರೆ ಕಾಲ್ ಸೂಪು, ಎದೆ ನೋವಿಗೆ ಎದೆಮೂಳೆ. ಆ ಭಾನುವಾರ ಎದುರು ಮನೆಯಿಂದ ಬೆನ್ನುಮೂಳೆಯ ಸಾರು ಬಂತು. ರುಚಿಗೆಂದು ಅದರೊಳಗೆ ಒಂದು ನಲ್ಲಿ ಮೂಳೆಯನ್ನೂ ಹಾಕಿದ್ದರು, ಒಳಗೆ ಮಜ್ಜೆ ತುಂಬಿರುವ ಆ ಕೊಳವೆಯಂಥ ಕಾಲಿನ ಮೂಳೆ. ಅತ್ತೆ ಗೋಡೆಗೆ ಒರಗಿ ಕೂತು ಮುದ್ದೆಯ ಜೊತೆಗೆ ಉಣ್ಣುತ್ತಿದ್ದರು. ಅವರಿಗೆ ಉಳಿದಿರುವುದು ಕೆಲವೇ ಹಲ್ಲು. ಆದರೂ ಬೆನ್ನುಮೂಳೆಯ ತುಂಡನ್ನು ದವಡೆಗೆ ಇಟ್ಟು ಕರಕರ ಅಗಿದು, ರಸ ಹೀರಿ, ಹಿಪ್ಪೆಯನ್ನು ತಟ್ಟೆಯ ಅಂಚಿಗೆ ಉಗಿದರು. ಅದನ್ನು ನೋಡಿ ನಾನು ನನ್ನ ಮೌನವ್ರತ ಮುರಿದೆ.

"ಈಗ ಅಗಿದ್ರಲ್ಲ, ಅದ್ಯಾವುದು ಅತ್ತೆ?"

"ಬೆನ್ನೆಲ್ಬು. ಯಾಕೆ, ನಿಂಗೂ ಬೇಕಿತ್ತಾ?"

"ಹಂಗೇ ಆ ನಲ್ಲಿ ಮೂಳೇನೂ ಅಗೀರಿ."

"ನಲ್ಲಿ ಮೂಳೇನ ಯಾರಾದ್ರೂ ಅಗಿದಾರಾ? ಇರೋ ಹಲ್ಲೂ ಓಯ್ತದೆ."

"ಒಂದೇ ಕುರಿ ಅಲ್ವಾ ಅತ್ತೆ ಅದು?"

ಅತ್ತೆ ಬಾಯಿಗೆ ಇಟ್ಟ ತುತ್ತನ್ನು ಅಲ್ಲೇ ನಿಲ್ಲಿಸಿದರು. ತಟ್ಟೆಯಲ್ಲಿದ್ದ ಹಿಪ್ಪೆಯನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಒಳಗೆಲ್ಲ ಸಣ್ಣ ಸಣ್ಣ ತೂತು, ತೂತುಗಳ ನಡುವೆ ಕೂದಲೆಳೆಯಷ್ಟು ತೆಳ್ಳನೆಯ ಗೋಡೆ. ಆಮೇಲೆ ನಲ್ಲಿ ಮೂಳೆಯ ಅಂಚನ್ನು ಉಗುರಿನಿಂದ ಕುಟ್ಟಿ ನೋಡಿದರು. ಊಟ ಮುಗಿಸಿದರು. ಮರುದಿನ ಬೆಳಗ್ಗೆ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಒಳ್ಳೆಯ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದರು. "ರಜಾ ಆಕು. ರಾಮನಗರಕ್ಕೆ ಓಗವ" ಎಂದರು. ಹಟವಾದಿ ಎಂದು ನಾನು ಎಷ್ಟೋ ಸಲ ಬೈದುಕೊಂಡ ಹೆಂಗಸು, ಕಣ್ಣಿಗೆ ಕಂಡ ಸತ್ಯಕ್ಕೆ ಒಂದು ರಾತ್ರಿಯೊಳಗೆ ತಲೆಬಾಗಿದ್ದರು. ನನ್ನ ಜೊತೆ ಕೆಲಸ ಮಾಡುವ ಓದಿದವರಲ್ಲಿ ಅಷ್ಟು ಬೇಗ ಮನಸ್ಸು ತಿದ್ದಿಕೊಂಡವರನ್ನು ನಾನು ಕಂಡಿಲ್ಲ.

ಎಕ್ಸ್‌ರೇಯಲ್ಲಿ ಬೆನ್ನಿನ ಮಣಿಗಳು ಒಂದರ ಮೇಲೊಂದು ಚೌಕಾಕಾರವಾಗಿ ಕೂತಿದ್ದವು. ಸೊಂಟದಿಂದ ಸ್ವಲ್ಪ ಮೇಲಿನ ಒಂದು ಮಾತ್ರ ಮುಂಭಾಗದಲ್ಲಿ ಕುಸಿದು ಚಪ್ಪಟೆಯಾಗಿತ್ತು. ವೈದ್ಯೆ ಚಿಕ್ಕ ವಯಸ್ಸಿನವರು, ತಾಳ್ಮೆಯಿಂದ ವಿವರಿಸಿದರು. ಇದು ಕೂಡಿಕೊಳ್ಳುತ್ತದೆ, ಬೆಲ್ಟು ಹಾಕಿ, ಔಷಧಿ ತೆಗೆದುಕೊಳ್ಳಿ, ನಡೆಯಿರಿ. ಆದರೆ ಮುಂದಕ್ಕೆ ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ. ಇನ್ನೊಂದು ಮಣಿ ಕುಸಿದರೆ ಕಷ್ಟ.

ಅತ್ತೆ ಎಲ್ಲಕ್ಕೂ ತಲೆಯಾಡಿಸಿ ಕೊನೆಗೆ ಒಂದೇ ಪ್ರಶ್ನೆ ಕೇಳಿದರು. "ಮಗೀಗೆ ನೀರಾಕ್ಬೋದಾ?"

ವೈದ್ಯೆಗೆ ಅರ್ಥವಾಗಲಿಲ್ಲ. ಅತ್ತೆ ಕೂತಲ್ಲೇ ಎರಡು ಕಾಲನ್ನು ಜೋಡಿಸಿ ಚಾಚಿ, ಗಾಳಿಯಲ್ಲಿ ಒಂದು ಕೂಸನ್ನು ಮಲಗಿಸಿ, ಅದರ ತಲೆಗೆ ನೀರು ಹುಯ್ಯಲು ಮುಂದಕ್ಕೆ ಬಾಗಿ ತೋರಿಸಲು ಹೋದರು. ನೋವಿಗೆ ಅರ್ಧದಲ್ಲೇ ನಿಲ್ಲಿಸಿದರು. ವೈದ್ಯೆ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು, "ಅಜ್ಜಿ, ಮಾಡಬಾರದು ಅಂತ ನಾನು ಹೇಳಿದ್ದು ಇದನ್ನೇ."

ಬಸ್ಸಿನಲ್ಲಿ ಅತ್ತೆ ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಚನ್ನಪಟ್ಟಣ ದಾಟಿದ ಮೇಲೆ, "ಹಿಮ್ಡಿ ಗಟ್ಟಿ ಇದ್ದು ಏನ್ ಬಂತು" ಎಂದರು. ನನಗೆ ಗೊತ್ತಿದ್ದುದನ್ನು ಹೇಳಿದೆ, ಪಾಠದ ಧ್ವನಿ ಬಿಟ್ಟು. ಹಿಮ್ಮಡಿಯ ಮೂಳೆಯೂ ಒಳಗೆ ಜಾಲರಿಯಂಥದ್ದೇ. ಆದರೆ ಮೂಳೆ ಒಂದು ಸಲ ಕಟ್ಟಿ ಬಿಟ್ಟುಬಿಡುವ ವಸ್ತುವಲ್ಲ, ಮೈ ಅದನ್ನು ದಿನಾ ಅಷ್ಟಿಷ್ಟು ಕೆಡವಿ ದಿನಾ ಅಷ್ಟಿಷ್ಟು ಕಟ್ಟುತ್ತಿರುತ್ತದೆ. ಎಲ್ಲಿ ಪೆಟ್ಟು ಬೀಳುತ್ತದೋ ಅಲ್ಲಿ ಹೆಚ್ಚು ಕಟ್ಟುತ್ತದೆ. ನೀವು ಇಟ್ಟ ಪ್ರತಿ ಹೆಜ್ಜೆಯೂ ಹಿಮ್ಮಡಿಗೆ ಬಿದ್ದ ಪೆಟ್ಟು, ಅದಕ್ಕೇ ಅದು ತುಂಬಿಕೊಂಡಿದೆ. ಕಣಕಾಲಿನ ಮೂಳೆಯ ಗೋಡೆ ಮೊದಲೇ ದಪ್ಪ, ಅದು ನಿಧಾನವಾಗಿ ಸವೆಯುತ್ತದೆ. ಬೆನ್ನಿನ ಮಣಿಯ ಒಳಗೆ ತೆಳು ಗೋಡೆಗಳೇ ಹೆಚ್ಚು. ಮುಟ್ಟು ನಿಂತ ಮೇಲೆ ಕಟ್ಟುವ ಕೈ ಸೋತು ಕೆಡವುವ ಕೈ ಮೇಲಾಗುತ್ತದೆ. ಆಗ ಮೊದಲು ಬರಿದಾಗುವುದು ಅಂಥ ಜಾಗ. ಉಳಿದ ನಾರೂ ವಯಸ್ಸಿಗೆ ಬಿರುಸಾಗಿ ಬಳುಕು ಕಳೆದುಕೊಳ್ಳುತ್ತದೆ.

"ಅಂಗಾದ್ರೆ ನಂದೇನ್ ತಪ್ಪಿಲ್ಲ" ಎಂದರು ಅತ್ತೆ.

"ನಿಮ್ಮದೇನೂ ತಪ್ಪಿಲ್ಲ."

"ಕಾಲು ಚೆಂದಾಗೈತೆ ಅಂದಂಗಾಯ್ತು."

"ಕಾಲು ಬಾಳ ಚೆನ್ನಾಗಿದೆ ಅತ್ತೆ."

ಆ ಉತ್ತರವನ್ನು ಅವರು ಯಾವುದಕ್ಕೆ ಎತ್ತಿಟ್ಟುಕೊಂಡರು ಎಂದು ನನಗೆ ಆಗ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಅತ್ತೆ ನಡೆದುಕೊಂಡ ರೀತಿಯನ್ನು ನೆನೆದರೆ ಇವತ್ತಿಗೂ ನನಗೆ ಬೆರಗು. ಯಾರ ಮಾತನ್ನೂ ಕೇಳದಿದ್ದವರು ವೈದ್ಯೆಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಬೆಲ್ಟು ಬಿಗಿದುಕೊಂಡು ಬೆಳಗ್ಗೆ ಡೈರಿಯವರೆಗೆ, ಸಂಜೆ ಕೆರೆ ಏರಿಯವರೆಗೆ ನಡೆದರು. ನೆಲಕ್ಕೆ ಬಿದ್ದದ್ದನ್ನು ಕಾಲ್ಬೆರಳಲ್ಲಿ ಹಿಡಿದು ಎತ್ತುವುದನ್ನು ಕಲಿತರು. ಹುಳು ಮನೆಯಲ್ಲಿ ಕೆಳಗಿನ ಅಂತಸ್ತು ನಮ್ಮದು, ಎದೆಯ ಮಟ್ಟದ್ದು ಅವರದು ಎಂದು ಅವರೇ ಪಾಲು ಮಾಡಿಕೊಂಡರು. ಜೊತೆಗೆ ದಿನಾ ಬಚ್ಚಲಿಗೆ ಹೋಗಿ, ಗೋಡೆಗೆ ಬೆನ್ನು ಅಂಟಿಸಿ, ದಪ್ಪನೆಯ ಮಣೆಯ ಮೇಲೆ ಕಾಲು ಚಾಚಿ ಕೂತು ಅಭ್ಯಾಸ ಮಾಡತೊಡಗಿದರು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅವರು ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು. "ನಾನು ಬಗ್ಗಾಕಿಲ್ಲ. ನೆಟ್ಗೆ ಗ್ವಾಡೆಗೆ ಒರ್ಗಿ ಕೂತಿರ್ತೀನಿ. ಕಾಲು ನಂದು, ಕೈ ನಮ್ ಸೊಸೇದು. ಅಂಗಾದ್ರೆ?" ವೈದ್ಯೆಗೆ ನಗು ಬಂತು. ಬೆನ್ನು ಗೋಡೆ ಬಿಡಬಾರದು, ಕೂಸನ್ನು ಇಡುವುದು ಎತ್ತುವುದು ಬೇರೆಯವರೇ ಮಾಡಬೇಕು ಎಂದು ಹೇಳಿ ಒಪ್ಪಿದರು.

ನನಗೆ ಮಾತ್ರ ಭಯ. ನನ್ನ ಮಗಳಿಗೂ ನಾನು ನೀರು ಹಾಕಿದವಳಲ್ಲ, ಹಾಕಲು ಬಿಟ್ಟವರು ಯಾರು.

ರಾಮನಗರದಲ್ಲೇ ಹೆರಿಗೆಯಾಯಿತು, ಹೆಣ್ಣು ಕೂಸು. ಮನೆಗೆ ಕರೆತಂದ ದಿನ ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ತೊಡೆಯ ಮೇಲೆ ದಿಂಬು ಇಟ್ಟುಕೊಂಡು, ಅದರ ಮೇಲೆ ಕೂಸನ್ನು ಇಡಿಸಿಕೊಂಡರು. ನೆತ್ತಿಯ ಮೇಲೆ ಅಂಗೈ ತೇಲಿಸಿದ ಹಾಗೆ ಆಡಿಸಿದರು. ಅಲ್ಲಿ ಇನ್ನೂ ಮೂಳೆ ಕೂಡಿಲ್ಲ, ಚರ್ಮದ ಕೆಳಗೆ ಉಸಿರಾಡಿದ ಹಾಗೆ ಮಿಡಿಯುತ್ತದೆ. ನಾನು ಪಕ್ಕದಲ್ಲಿ ನಿಂತು ಇಬ್ಬರನ್ನೂ ನೋಡಿದೆ. ಈ ಮಗುವಿನ ಮಂಡಿಚಿಪ್ಪು ಇನ್ನೂ ಮೂಳೆಯೇ ಆಗಿಲ್ಲ, ಮೆದು ಎಲುಬು. ಮಣಿಕಟ್ಟಿನಲ್ಲಿ ಒಂದು ಮೂಳೆಯೂ ಬಲಿತಿಲ್ಲ. ಪಕ್ಕೆಲುಬು ಒತ್ತಿದರೆ ಹಿಪ್ಪುನೇರಳೆಯ ಎಳೆ ಕಡ್ಡಿಯ ಹಾಗೆ ಬಳುಕುತ್ತದೆ. ಆದರೆ ಕಿವಿಯ ಒಳಗಿನ ಅಕ್ಕಿಕಾಳಿನಷ್ಟು ಪುಟ್ಟ ಮೂಳೆಗಳು ಮಾತ್ರ ಹುಟ್ಟುವಾಗಲೇ ದೊಡ್ಡವರಷ್ಟು ಅಳತೆಗೆ ಬಂದಿರುತ್ತವೆ, ಅವು ಮತ್ತೆ ಬೆಳೆಯುವುದಿಲ್ಲ. ಅವುಗಳ ಸುತ್ತಲಿನ ಎಲುಬು ಮೈಯಲ್ಲೇ ಗಟ್ಟಿಯಾದದ್ದು. ಮುತ್ತಜ್ಜಿಯ ಬೆನ್ನು ಬರಿದಾಗಿದೆ, ಮರಿಮಗಳ ಬೆನ್ನು ಇನ್ನೂ ತುಂಬಬೇಕು. ಕಿವಿಯೊಳಗಿನ ಆ ಮೂಳೆಗಳಲ್ಲಿ ಮಾತ್ರ ಇಬ್ಬರೂ ಸರಿಸಮ. ಅತ್ತೆ ಬಗ್ಗದೆ, ಕೂತಲ್ಲಿಂದಲೇ ಕೂಸಿಗೆ ಕೇಳುವಷ್ಟು ಮೆಲ್ಲಗೆ ಏನೋ ಹೇಳಿದರು. ಕೂಸು ಕಣ್ಣು ತೆರೆಯಿತು.

ನೀರು ಹಾಕುವುದು ಶುರುವಾಯಿತು. ಅತ್ತೆ ಗೋಡೆಗೆ ಒರಗಿ ಕಾಲು ಚಾಚುವರು. ಮಗಳು ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ನೋಡುವಳು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕೂಸನ್ನು ಆ ಕಾಲುಗಳ ಮೇಲೆ ಇಟ್ಟು, ಎಣ್ಣೆ ತಿಕ್ಕಿ ನೀರು ಹುಯ್ಯುವೆ. ಅಪ್ಪಣೆಗಳೆಲ್ಲ ಗೋಡೆಯ ಕಡೆಯಿಂದ. "ಕತ್ನ ಇಡ್ಕೊ. ಅಂಗಲ್ಲ, ಮೂಗಿಗೆ ಮರೆ ಮಾಡು. ನೀರು ಒಸಿ ಮ್ಯಾಲಿಂದ ಬುಡಮ್ಮಿ, ಗಿಡಕ್ಕೆ ಆಕ್ದಂಗೆ ಆಕ್ಬ್ಯಾಡ." ನನಗೆ ರೇಗುತ್ತಿತ್ತು, ಮಗಳಿಗೆ ನಗು. ಆದರೆ ನನ್ನ ಕೈ ಎಷ್ಟು ತಡವರಿಸಿದರೂ ಆ ಕಾಲುಗಳು ಒಂದಿಷ್ಟೂ ಅಲುಗುತ್ತಿರಲಿಲ್ಲ. ಚರ್ಮ ಸುಕ್ಕು, ಮಾಂಸ ಇಳಿದುಹೋಗಿದೆ, ಕಣಕಾಲಿನ ಮುಂದಿನ ಅಂಚು ಮಾತ್ರ ಕೈಗೆ ನೇರವಾಗಿ ಗಟ್ಟಿಯಾಗಿ ಸಿಗುತ್ತಿತ್ತು. ಕೂಸು ಅದರ ಮೇಲೆ ಹೊಂದಿಕೊಂಡು ಮಲಗುವುದನ್ನು ನೋಡಿದರೆ, ಅತ್ತೆಗೆ ಬೇಕಾದದ್ದು ಕೊನೆಗೂ ಸಿಕ್ಕಿತಲ್ಲ ಎಂದು ನನಗೇ ಗೆದ್ದಷ್ಟು ಸಂತೋಷ. ಬೀದಿಯ ಹೆಂಗಸರು ಬಂದು ನೋಡಿಕೊಂಡು ಹೋದರು. ಅತ್ತೆಯ ಮುಖದಲ್ಲಿ ಆ ದಿನಗಳಲ್ಲಿ ಇದ್ದ ಕಳೆಯನ್ನು ನಾನು ಬೇರೆ ಯಾವಾಗಲೂ ಕಂಡಿಲ್ಲ.

ಒಂದು ಬೆಳಗ್ಗೆ ಕೂಸನ್ನು ಬೋರಲು ಹಾಕುವಾಗ ಎಣ್ಣೆಯ ಕೈಯಿಂದ ಅದು ಒಂದಿಷ್ಟು ಜಾರಿತು. ಬಿದ್ದುಹೋಗುವಷ್ಟೇನಲ್ಲ, ನಾನು ಹಿಡಿದುಕೊಂಡೆ. ಆದರೆ ಅಷ್ಟರಲ್ಲಿ ಅತ್ತೆ ಗೋಡೆ ಬಿಟ್ಟು ಮುಂದಕ್ಕೆ ಬಗ್ಗಿ, ಎರಡೂ ಕೈಯನ್ನು ಕೂಸಿನ ಕೆಳಗೆ ಕೊಟ್ಟಿದ್ದರು. ಹಾಗೇ ಇದ್ದರು. ಮುಖದ ಬಣ್ಣ ಇಳಿದುಹೋಯಿತು. ಕಾಲು ಮಾತ್ರ ಕದಲಲಿಲ್ಲ. "ಮಗೀನ ಎತ್ಕೊ" ಎಂದರು, ಏನೂ ಆಗದವರ ಧ್ವನಿಯಲ್ಲಿ. ನಾನು ಎತ್ತಿ ಮಗಳ ಕೈಗೆ ಕೊಟ್ಟ ಮೇಲೆ ಕಣ್ಣು ಮುಚ್ಚಿದರು. ಹಣೆಯ ಮೇಲೆ ಬೆವರು ಸಾಲಾಗಿ ಮೂಡಿತ್ತು. ನನ್ನ ಗಂಡ ಬಂದು ಹಿಡಿದು ಎಬ್ಬಿಸಬೇಕಾಯಿತು.

ಅವತ್ತೇ ಎಕ್ಸ್‌ರೇ ತೆಗೆಸಿದೆವು. ಹೊಸದಾಗಿ ಏನೂ ಕುಸಿದಿರಲಿಲ್ಲ, ಸ್ನಾಯು ಹಿಡಿದುಕೊಂಡಿತ್ತು ಅಷ್ಟೇ. ವೈದ್ಯೆ ಬೈಯ್ಯಲಿಲ್ಲ. ಬೆನ್ನು ಗೋಡೆ ಬಿಡದ ಹಾಗೆ ನೋಡಿಕೊಂಡರೆ ಇನ್ನೆರಡು ದಿನದಲ್ಲಿ ಮತ್ತೆ ಕೂರಬಹುದು ಎಂದರು. ಮನೆಯಲ್ಲಿ ಎಲ್ಲರಿಗೂ ಉಸಿರು ಬಂತು. ಆ ಎರಡು ದಿನ ಕೂಸಿಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದೆವು. ಅತ್ತೆ ಹೆಚ್ಚು ಮಾತಾಡಲಿಲ್ಲ. ನೋವಿಗೆ ಇರಬೇಕು ಎಂದುಕೊಂಡೆವು.

ಮೂರನೆಯ ಬೆಳಗ್ಗೆ ನಾನು ಬಚ್ಚಲಿಗೆ ಹೋದಾಗ ಹಂಡೆಯ ನೀರು ಕಾದಿತ್ತು. ಗೋಡೆಯ ಪಕ್ಕದಲ್ಲಿ ಮಣೆ ಇತ್ತು. ಅತ್ತೆ ಅದರ ಮೇಲೆ ಕೂತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಅದರ ಪಕ್ಕದಲ್ಲಿ ನಿಂತಿದ್ದರು.

"ಕೂತ್ಕೊ" ಎಂದರು ಮಣೆ ತೋರಿಸಿ. "ಸೀರೆ ಎತ್ಕಟ್ಟು. ಕಾಲು ಚಾಚು."

"ಅತ್ತೆ, ಡಾಕ್ಟ್ರು ಕೂರಬೋದು ಅಂದ್ರಲ್ಲ. ನಾನು ಜೋಪಾನವಾಗಿ ಹಿಡ್ಕೋತೀನಿ."

"ನೀ ಇಡ್ಕೊಂಡ್ರೂ ಅಷ್ಟೇ, ಬುಟ್ರೂ ಅಷ್ಟೇಯ. ಮಗು ಒಸಿ ಅಲ್ಲಾಡ್ದ್ರೆ ನಾನು ಬಗ್ಗೇ ಬಗ್ತೀನಿ. ಬಗ್ಗದಂಗಿರಾಕೆ ನನ್ ಕೈಲಾಗಾಕಿಲ್ಲ ಕಣಮ್ಮಿ. ಇಷ್ಟ್ ವರ್ಸ ಬಗ್ಗಿರೋ ಮೈ ಇದು, ಡಾಕ್ಟ್ರು ಏಳವ್ರೆ ಅಂತ ಕೇಳಾಕಿಲ್ಲ. ಬಗ್ಗಿದಾಗ ಬೆನ್ನು ಓದ್ರೆ ಕಾಲೂ ಬುಟ್ಟೋಯ್ತದೆ. ಮಗೀಗ್ ಏನಾದ್ರೂ ಆದ್ರೆ?"

"ಇನ್ನೊಂದೆರಡು ದಿನ ನೋಡೋಣ ಅತ್ತೆ."

"ನೋಡಿದ್ದಾಯ್ತು. ನೀರು ಆರೋಯ್ತದೆ, ಕೂತ್ಕೊ."

ಆ ಧ್ವನಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಕೂತೆ. ಸೀರೆ ಎತ್ತಿ ಕಟ್ಟಿ ಕಾಲು ಚಾಚಿದೆ. ಬಿಸಿಲು ಕಾಣದ, ಹೊರೆ ಹೊರದ ನನ್ನ ಕಾಲು ನನಗೇ ನಾಚಿಕೆಯಾಗುವಷ್ಟು ಬಿಳುಪಾಗಿತ್ತು. ಅತ್ತೆ ಬಗ್ಗುವ ಹಾಗಿಲ್ಲವಲ್ಲ, ತಮ್ಮ ಪಾದದಿಂದ ನನ್ನ ಎರಡೂ ಕಾಲನ್ನು ಒತ್ತಿ ಜೋಡಿಸಿದರು. "ಸಂದು ಬುಡ್ಬ್ಯಾಡ. ಮಂಡಿ ಸಡ್ಲ ಬುಡು, ಗಟ್ಟಿ ಇಡ್ಕೊಂಡ್ರೆ ಮಗೀಗೆ ಒತ್ತದೆ." ಆಮೇಲೆ ಕುರ್ಚಿಯಲ್ಲಿ ಕೂತರು. ಮಗಳು ಕೂಸನ್ನು ತಂದು ನನ್ನ ಕಾಲ ಮೇಲೆ ಇಟ್ಟಳು.

ಅಷ್ಟು ಪುಟ್ಟ ಜೀವಕ್ಕೆ ಅಷ್ಟು ಭಾರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೂಸು ಹೊಸ ಕಾಲಿನ ಗುರುತು ಹಿಡಿದ ಹಾಗೆ ಮುಖ ಕಿವುಚಿ ಅಳಲು ಶುರು ಮಾಡಿತು. ನಾನು ಗಾಬರಿಯಾಗಿ ಮೇಲೆ ನೋಡಿದೆ.

"ಅಳ್ಲಿ ಬುಡು" ಎಂದರು ಅತ್ತೆ. "ಮೊದ್ಲು ಎಲ್ಲಾ ಅಳ್ತವೆ. ನೀನು ನೀರು ಉಯ್ಯಿ."

ನೀರು ಹುಯ್ದೆ. ಎರಡನೇ ಚೊಂಬಿಗೆ ಕೂಸು ಸುಮ್ಮನಾಯಿತು. ಹೇಳಿಕೊಳ್ಳಲು ಖುಷಿಯಾಗಿ ಅತ್ತೆಯ ಕಡೆ ತಿರುಗಿದೆ. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಕೂಸನ್ನೇ ನೋಡುತ್ತಿದ್ದರು. ಅವರ ಎರಡೂ ಕಾಲು ಸಂದು ಬಿಡದೆ ಜೋಡಿಕೊಂಡು ಮುಂದಕ್ಕೆ ಚಾಚಿಕೊಂಡಿದ್ದವು. ಅದು ಅವರಿಗೆ ಗೊತ್ತೇ ಇರಲಿಲ್ಲ.